ಗುರುವಯ್ಯ ತೋರಿಸಿದ ಜಾಗ

ಬೆಳ್ಳಿಗುಡ್ಡೆ ಎಸ್ಟೇಟಿನ ಜೀಪ್ ಡ್ರೈವರ್ ಗುರುವಯ್ಯನಿಗೆ ಐವತ್ತಮೂರು ತುಂಬುವವರೆಗೆ ಯಾರೂ ‘ನಿನಗೆ ಯಾವ ಜಾಗ ಇಷ್ಟ ಮಾರಾಯ’ ಎಂದು ಕೇಳಿರಲಿಲ್ಲ. ಕೇಳಿದ ದಿನ ಅವನು ಹಿಂದೆಮುಂದೆ ನೋಡದೆ ನಿಜ ಹೇಳಿಬಿಟ್ಟ. ಮೂವತ್ತು ವರ್ಷದ ಡ್ರೈವರ್ ಕೆಲಸದಲ್ಲಿ ಅವನು ತಪ್ಪೇ ಮಾಡಿಲ್ಲವೆಂದಲ್ಲ. ಆದರೆ ಅವೆಲ್ಲ ಕ್ಲಚ್ಚು, ಟೈರು, ಆಕ್ಸೆಲ್ಲಿಗೆ ಸೇರಿದ ತಪ್ಪುಗಳು. ಮೂಡಿಗೆರೆಯ ಗ್ಯಾರೇಜಿಗೆ ಬಿಟ್ಟರೆ ಸರಿಹೋಗುತ್ತಿದ್ದವು. ಇದು ಅಲ್ಲಿಗೆ ಬಿಡುವಂಥದ್ದಾಗಿರಲಿಲ್ಲ.

ಕೆಲಸದವರಿಗೆಂದು ಎಸ್ಟೇಟಿನವರು ಸಾಲಾಗಿ ಕಟ್ಟಿಸಿಕೊಟ್ಟ ಮನೆಗಳಿಗೆ ಲೈನು ಎನ್ನುತ್ತಾರೆ. ಲೈನಿನಲ್ಲಿ ಹುಟ್ಟಿ ಬೆಳೆದವರಿಗೆ ಒಂದು ರೂಢಿ ಮೈಗೂಡಿರುತ್ತದೆ: ಬಂಗಲೆಯವರ ಎದುರು ತಮ್ಮದು ಯಾವುದನ್ನೂ ಹೊಗಳಬಾರದು. ಕೋಳಿ ಹೇಗಿದೆ ಎಂದು ಕೇಳಿದರೆ ಮೊಟ್ಟೆಯೇ ಇಡುವುದಿಲ್ಲ ಎನ್ನಬೇಕು. ಹಿತ್ತಲಿನ ಬಾಳೆಗೆ ಹುಳ ಬಿದ್ದಿದೆ ಎನ್ನಬೇಕು. ಗುರುವಯ್ಯನ ಅಪ್ಪ ಚಿಕ್ಕಯ್ಯ ಒಮ್ಮೆ ಮಾತ್ರ ಮೈಮರೆತು, ಲೈನಿನ ಹಿಂದಿನ ಹಲಸಿನ ಹಣ್ಣು ಜೇನಿನಂತಿದೆ ಎಂದು ಆಗಿನ ಸಾಹುಕಾರರ ಹತ್ತಿರ ಹೇಳಿದ್ದ. ಸಾಹುಕಾರರು ಕೆಟ್ಟವರೇನಲ್ಲ. ಹಾಗಾದರೆ ಒಂದು ಕಳಿಸು ಎಂದರು, ಅಷ್ಟೇ. ಆಮೇಲೆ ಆ ಮರ ಬದುಕಿರುವವರೆಗೂ ಮೊದಲ ಹಣ್ಣುಗಳೆಲ್ಲ ಬಂಗಲೆಗೆ ಹೋದವು. ಲೈನಿನ ಮಕ್ಕಳಿಗೆ ಸಿಕ್ಕಿದ್ದು ಮಳೆಗೆ ಒಡೆದು ಬಿದ್ದವು. ಅಂದಿನಿಂದ ಚಿಕ್ಕಯ್ಯ ಕೇಳಿದವರಿಗೆಲ್ಲ ಆ ಹಣ್ಣು ಬರೀ ಮೇಣ ಎಂದೇ ಹೇಳುತ್ತಿದ್ದ, ಆದರೆ ಯಾರೂ ನಂಬಲಿಲ್ಲ.

ಗುರುವಯ್ಯನ ಮನೆ ಲೈನಿನ ಕೊನೆಯದು. ಅದರ ಮೆಟ್ಟಿಲ ಮೇಲೆ ಕೂತರೆ ಕಣ್ಣಿಗೆ ಏನೂ ಅಡ್ಡವಿಲ್ಲ. ಅಂಗಳದಾಚೆ ನೆಲ ಒಮ್ಮೆಲೇ ಇಳಿದು ಕಣಿವೆಯಾಗುತ್ತದೆ. ಅದರಾಚೆ ಕಳಸದ ಕಡೆಯ ಬೆಟ್ಟಗಳು ಒಂದರ ಹಿಂದೊಂದು. ಬೆಳಿಗ್ಗೆ ಕಣಿವೆಯ ತುಂಬ ಮಂಜು. ಬಿಸಿಲು ಮೊದಲು ಆಚೆಯ ದೊಡ್ಡ ಗುಡ್ಡದ ನೆತ್ತಿಗೆ ಬಿದ್ದು, ಆಮೇಲೆ ಮೆಲ್ಲಮೆಲ್ಲಗೆ ಕೆಳಗಿಳಿಯುತ್ತದೆ.

ಈ ಗುಡ್ಡಕ್ಕೆ ಗುರುವಯ್ಯನ ಸಂಸಾರದಲ್ಲಿ ಒಂದು ಪಾತ್ರವಿತ್ತು. ಅವನ ಹೆಂಡತಿ ಅಣ್ಣಮ್ಮ ಸಖರಾಯಪಟ್ಟಣದ ಕಡೆಯ ಬಯಲಿನವಳು. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಅವಳ ಸೀರೆಗಳಿಗೆಲ್ಲ ಬೂಷ್ಟು ಹಿಡಿಯಿತು, ಕಾಲಿಗೆ ರಕ್ತ ಹೀರುವ ಇಂಬಳ ಹತ್ತಿತು, ಮೂರು ತಿಂಗಳು ಸೂರ್ಯನ ಮುಖ ಕಾಣಲಿಲ್ಲ. ತವರಿಗೆ ಹೋಗಿಬಿಡುತ್ತೇನೆ ಎಂದು ಟ್ರಂಕು ಕಟ್ಟಿ ಮೆಟ್ಟಿಲ ಮೇಲೆ ತಂದಿಟ್ಟಳು. ಅದೇ ಬೆಳಿಗ್ಗೆ ಮಳೆ ಬಿಟ್ಟು ಗುಡ್ಡ ಕಂಡಿತು. ಅಣ್ಣಮ್ಮ ಟ್ರಂಕಿನ ಮೇಲೆಯೇ ಕೂತು ಅದನ್ನು ನೋಡಿದಳು. ಬಸ್ಸಿನ ಹೊತ್ತು ಮೀರಿತು. ಅಂದಿನಿಂದ ಇಪ್ಪತ್ತೆಂಟು ವರ್ಷ, ಹಾಜರಿಗೆ ಹೋಗುವ ಮೊದಲು ಗಂಡಹೆಂಡಿರಿಬ್ಬರೂ ಆ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದಿದ್ದಾರೆ. ಎಷ್ಟು ಚಂದ ಎಂದು ಅಣ್ಣಮ್ಮ ದಿನವೂ ಹೇಳುತ್ತಿದ್ದಳು. ದಿನವೂ ಗುರುವಯ್ಯ ಹೂಂ ಎನ್ನುತ್ತಿದ್ದ.

ಹೀಗಿರುವಾಗ ಈಗಿನ ಸಾಹುಕಾರರಾದ ಪ್ರಸನ್ನಕುಮಾರರ ಅಕ್ಕನ ಮಗ ಶಶಿಕಿರಣ್ ಚಿಕ್ಕಮಗಳೂರಿನಲ್ಲಿ ಕ್ಯಾರವಾನ್ ಕಂಪನಿ ತೆರೆದ. ಒಳಗೇ ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರುವ ಬಿಳಿ ಗಾಡಿ. ಪೇಟೆಯ ಜನ ಅದನ್ನು ಬಾಡಿಗೆಗೆ ತಗೊಂಡು, ಒಳ್ಳೆಯ ನೋಟವಿರುವ ಕಡೆ ನಿಲ್ಲಿಸಿ ಎರಡು ದಿನ ಇದ್ದು ಹೋಗುವುದು. ಹಾಗೆ ನಿಲ್ಲಿಸಲು ಜಾಗ ಬೇಕು. ಜಾಗ ಹುಡುಕಲು ಈ ಗುಡ್ಡಗಳ ಮೂಲೆಮೂಲೆ ಗೊತ್ತಿರುವ ಮನುಷ್ಯ ಬೇಕು. ಸಾಹುಕಾರರು ಒಂದು ವಾರದ ಮಟ್ಟಿಗೆ ಗುರುವಯ್ಯನನ್ನೂ ಜೀಪನ್ನೂ ಅಳಿಯನ ಜೊತೆ ಕಳಿಸಿದರು.

ಶಶಿಕಿರಣನ ಮೊಬೈಲಿನಲ್ಲಿ ಒಂದು ಪಟ್ಟಿಯಿತ್ತು. ನೆಲ ಮಟ್ಟಸವಾಗಿರಬೇಕು, ನೀರು ಹತ್ತಿರವಿರಬೇಕು, ಗಾಡಿ ತಿರುಗಬೇಕು, ಸೂರ್ಯ ಹುಟ್ಟುವುದೋ ಮುಳುಗುವುದೋ ಒಂದಾದರೂ ಕಾಣಬೇಕು. ಫೋಟೋದಲ್ಲಿ ಕರೆಂಟು ತಂತಿ, ಟವರು, ಇನ್ನೊಬ್ಬರ ಮನೆಯ ಮಾಡು ಬರಬಾರದು. ಇಂಥ ಜಾಗ ಹುಡುಕಲು ಹೊರಟವನಿಗೆ ನಮ್ಮ ಸೀಮೆ ಎಷ್ಟು ಓರೆ ಎಂದು ತಿಳಿಯುತ್ತದೆ. ಇಲ್ಲಿ ಮಟ್ಟಸ ನೆಲವೆಂದರೆ ಒಂದೋ ಕಾಫಿ ಒಣಗಿಸುವ ಕಣ, ಇಲ್ಲವೋ ಶಾಲೆಯ ಮೈದಾನ, ಅದೂ ಇಲ್ಲದಿದ್ದರೆ ಯಾರದೋ ಅಂಗಳ. ಬಾಬಾಬುಡನ್‌ಗಿರಿಯ ತಪ್ಪಲಿನಿಂದ ಬಾಳೂರಿನವರೆಗೆ ಹನ್ನೊಂದು ಕಡೆ ನೋಡಿದರು. ಒಂದು ಕಡೆ ತಂತಿ ಅಡ್ಡ ಬಂತು, ಇನ್ನೊಂದು ಕಡೆ ಹೋಂಸ್ಟೇಯ ನೀಲಿ ಟ್ಯಾಂಕು ಬಂತು, ಮತ್ತೊಂದು ಕಡೆ ಎಲ್ಲ ಸರಿಯಾಗಿದ್ದರೂ ನೀರಿರಲಿಲ್ಲ. ಏಳನೆಯ ದಿನ ಶಶಿಕಿರಣ್ ಸೋತು ಬಾಳೂರಿನ ಹೋಟೆಲೊಂದರ ಬೆಂಚಿನ ಮೇಲೆ ಕೂತುಬಿಟ್ಟ.

“ಗುರುವಣ್ಣ, ಪಟ್ಟಿಗಿಟ್ಟಿ ಬಿಡಿ. ನಿಮಗೇ ಎರಡು ದಿನ ರಜೆ ಕೊಟ್ಟು, ಈ ಗಾಡಿನೂ ಕೊಟ್ರೆ, ಎಲ್ಲಿ ತಗೊಂಡ್ಹೋಗಿ ನಿಲ್ಲಿಸ್ತೀರಿ?”

ವಾರವಿಡೀ ಅಣ್ಣ ಎನ್ನಿಸಿಕೊಂಡು, ನೀವು ಎನ್ನಿಸಿಕೊಂಡು, ಒಂದೇ ಬೆಂಚಿನ ಮೇಲೆ ಕೂತು ಬನ್ಸ್ ತಿಂದು ಗುರುವಯ್ಯ ಮೆತ್ತಗಾಗಿದ್ದ. ಅಪ್ಪನ ಹಲಸಿನ ಮರ ಆ ಹೊತ್ತಿಗೆ ನೆನಪಾಗಲಿಲ್ಲ.

“ಎಲ್ಲಿಗೂ ಹೋಗಲ್ಲ ಸರ್. ನಮ್ಮನೆ ಮುಂದೇನೇ ನಿಲ್ಲಿಸ್ತೀನಿ. ಅಂಥ ಜಾಗ ಈ ಗುಡ್ಡದಲ್ಲಿ ಇನ್ನೊಂದಿಲ್ಲ.”

ಮರುದಿನ ಬೆಳಿಗ್ಗೆ ಶಶಿಕಿರಣ್ ಆ ಮೆಟ್ಟಿಲ ಮೇಲೆಯೇ ಕೂತಿದ್ದ. ಅಣ್ಣಮ್ಮ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟಳು. ಮನೆಗೆ ನೆಂಟರು ಬಂದಷ್ಟೇ ಸಂತೋಷ ಅವಳಿಗೆ. ಮಂಜು ಎಷ್ಟು ಹೊತ್ತಿಗೆ ಕರಗುತ್ತದೆ, ಯಾವ ತಿಂಗಳಲ್ಲಿ ಗುಡ್ಡ ಯಾವ ಬಣ್ಣ, ಎಲ್ಲವನ್ನೂ ಹೇಳಿದಳು. ಶಶಿಕಿರಣ್ ಫೋಟೋ ತೆಗೆದೇ ತೆಗೆದ. ಫೋಟೋದಲ್ಲಿ ಬರಬಾರದ್ದು ಒಂದೇ ಇತ್ತು, ಲೈನು.

ನಾಲ್ಕು ದಿನ ಬಿಟ್ಟು ಸಾಹುಕಾರರು ಗುರುವಯ್ಯನನ್ನು ಬಂಗಲೆಗೆ ಕರೆಸಿದರು. ಹಳೆಯ ಲೈನು ಹೇಗೂ ಬೀಳುವಂತಾಗಿದೆ, ಕೆಳಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹೌಸಿನ ಹತ್ತಿರ ಹೊಸ ಲೈನು ಕಟ್ಟಿಸುತ್ತೇನೆ, ಮನೆಯೊಳಗೇ ಬಚ್ಚಲು, ನಲ್ಲಿ, ನೆಲಕ್ಕೆ ಟೈಲ್ಸು ಎಂದರು. ಮೇಲಿನ ಜಾಗ ಅಳಿಯನ ಗಾಡಿಗಳಿಗೆ. “ಎಲ್ಲ ನಿನ್ನಿಂದಲೇ ಆಯ್ತು ನೋಡು ಗುರುವಯ್ಯ,” ಎಂದು ಬೆನ್ನು ತಟ್ಟಿದರು.

ಲೈನಿನವರೆಲ್ಲ ಖುಷಿಪಟ್ಟರು. ಖುಷಿಪಡದೆ ಏನು? ಮಳೆಗಾಲದಲ್ಲಿ ಕೊಡೆ ಹಿಡಿದು ಕಕ್ಕಸಿಗೆ ಹೋಗುವ ಕಷ್ಟ ಹೋದವರಿಗೇ ಗೊತ್ತು. ಗುರುವಯ್ಯನೊಬ್ಬನಿಗೆ ಖುಷಿಯಾಗಲಿಲ್ಲ. ಬೇಡ ಎನ್ನಲು ಅವನ ಹತ್ತಿರ ಮಾತೇ ಇರಲಿಲ್ಲ. ಮನೆ ಎಸ್ಟೇಟಿನದು, ಕೆಲಸ ಇರುವವರೆಗೆ ಮಾತ್ರ ಇರಲು ಕೊಟ್ಟದ್ದು. ನೀರಿಲ್ಲ, ಮಾಡು ಸೋರುತ್ತದೆ ಎಂದು ದೂರಬಹುದು, ಅದಕ್ಕೆ ಮಾತಿದೆ. ಎದುರಿಗೆ ಒಂದು ಗುಡ್ಡ ಕಾಣುತ್ತದೆ, ಅದು ನನಗೆ ಬೇಕು ಎಂದು ಜೀಪ್ ಡ್ರೈವರೊಬ್ಬ ಸಾಹುಕಾರರ ಮುಂದೆ ನಿಂತು ಹೇಗೆ ಹೇಳಿಯಾನು? ಹೇಳಿದ್ದರೆ ಅವರು ಬೈಯುತ್ತಿರಲಿಲ್ಲ, ನಗುತ್ತಿದ್ದರು. ಅದನ್ನು ತಡೆದುಕೊಳ್ಳುವುದು ಬೈಗುಳಕ್ಕಿಂತ ಕಷ್ಟ.

ಹಾಗಾಗಿ ಅವನು ತಡವಾಗಿ ರೂಢಿಯ ದಾರಿಗೆ ಬಂದ. ಶಶಿಕಿರಣ್ ಸಿಕ್ಕಿದಾಗಲೆಲ್ಲ ಜಾಗವನ್ನು ಹಳಿಯತೊಡಗಿದ. ಅಲ್ಲಿ ಬಹಳ ಗಾಳಿ ಸರ್ ಎಂದ. ಸೊಳ್ಳೆ ಇರುವುದಿಲ್ಲ ಹಾಗಾದರೆ ಎಂದು ಶಶಿಕಿರಣ್ ಖುಷಿಪಟ್ಟ. ಹತ್ತು ಗಂಟೆಯವರೆಗೂ ಮಂಜು, ಕೈ ಚಾಚಿದರೆ ಕೈ ಕಾಣುವುದಿಲ್ಲ ಎಂದ. ಪೇಟೆಯವರು ದುಡ್ಡು ಕೊಡುವುದೇ ಅದಕ್ಕೆ ಗುರುವಣ್ಣ ಎಂಬ ಉತ್ತರ ಬಂತು. ಕಾಟಿ, ಅದೇ ಕಾಡುಕೋಣ, ಬರುತ್ತವೆ, ಒಂದೊಂದು ಸಲ ಅಂಗಳಕ್ಕೇ ಬರುತ್ತವೆ ಎಂದ. ಶಶಿಕಿರಣ್ ಮೊಬೈಲ್ ತೆಗೆದು ಅದನ್ನೂ ಬರೆದುಕೊಂಡ. ಗುರುವಯ್ಯ ಬಾಯಿ ಬಿಟ್ಟಷ್ಟೂ ಜಾಗದ ಬೆಲೆ ಏರುತ್ತಿತ್ತು. ಕೊನೆಗೆ ಅವನು ಬಾಯಿ ಮುಚ್ಚಿಕೊಂಡ.

ಆದರೆ ಒಂದು ದಾರಿ ಉಳಿದಿತ್ತು, ನಿಜವಾಗಿಯೂ ದಾರಿಯೇ. ಲೈನಿಗೆ ಹಿಂದಿನಿಂದ ಹತ್ತುವ ರಸ್ತೆಯಲ್ಲಿ ಚಿಕ್ಕಯ್ಯನ ಹಲಸಿನ ಮರದ ಬುಡ ಇನ್ನೂ ಉಳಿದಿರುವ ಕಡೆ ಒಂದು ತಿರುವಿದೆ. ಜೀಪೇ ಅಲ್ಲಿ ಒಮ್ಮೆ ಹಿಂದಕ್ಕೆ ತಗೊಂಡು ತಿರುಗಬೇಕು. ಗೊಬ್ಬರದ ಲಾರಿ ಕೆಳಗೇ ನಿಲ್ಲುತ್ತದೆ, ಚೀಲಗಳನ್ನು ಹೊತ್ತು ತರಬೇಕು. ರಸ್ತೆ ಸಾಲುತ್ತದೆಯೇ ಎಂದು ಶಶಿಕಿರಣ್ ಕೇಳಿದಾಗ ಗುರುವಯ್ಯ ಆರಾಮಾಗಿ ಹೋಗುತ್ತದೆ ಸರ್ ಎಂದ. ಸಾಲದು ಎಂದರೆ ಮೊದಲೇ ಅಗಲ ಮಾಡಿಸಿಬಿಡುತ್ತಾರೆ, ಗಾಡಿಯೇ ಸಿಕ್ಕಿಬಿದ್ದರೆ ಜಾಗದ ಆಸೆ ಬಿಡುತ್ತಾರೆ ಎಂದು ಅವನ ಲೆಕ್ಕ. ಕಷ್ಟಪಟ್ಟು ಹೇಳಿದ ಸುಳ್ಳು. ಮೂವತ್ತು ವರ್ಷದಲ್ಲಿ ಅವನು ರಸ್ತೆಯ ವಿಷಯದಲ್ಲಿ ಯಾರಿಗೂ ಸುಳ್ಳು ಹೇಳಿದವನಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ ಗಾಡಿ ಬಂತು. ಗುರುವಯ್ಯ ಮುಂದೆ ಜೀಪಿನಲ್ಲಿ ದಾರಿ ತೋರಿಸುತ್ತ ಹೋದ. ಅವನು ಎಣಿಸಿದಂತೆಯೇ ತಿರುವಿನಲ್ಲಿ ಕ್ಯಾರವಾನಿನ ಹಿಂಭಾಗ ರಸ್ತೆಬದಿಯ ಮಣ್ಣಿನ ದರೆಗೆ ಒತ್ತಿ, ಮುಂದಿನ ಚಕ್ರ ರಸ್ತೆಯಂಚಿಗೆ ಬಂದು, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ ಎಂದು ನಿಂತುಬಿಟ್ಟಿತು. ಶಶಿಕಿರಣ್ ಇಳಿದು ತಲೆಯ ಮೇಲೆ ಕೈಯಿಟ್ಟುಕೊಂಡ. ಈ ಸೈಟು ಆಗಲ್ಲ ಬಿಡಿ ಎಂದ. ಗುರುವಯ್ಯನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಜೀಪಿನ ಬಾನೆಟ್ಟಿಗೆ ಒರಗಿ ಬೀಡಿ ಹಚ್ಚಿದ. ಆ ಬೀಡಿ ಮುಗಿಯುವವರೆಗೆ ಅವನು ಸುಖವಾಗಿದ್ದ.

ಅಷ್ಟರಲ್ಲಿ ಸಾಹುಕಾರರೇ ಬಂದರು. ತಿರುವನ್ನು ಒಮ್ಮೆ ನೋಡಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕರೆದು, ಲೈನಿನವರನ್ನು ಬರಹೇಳು ಎಂದರು. ಕಾಫಿ ಹಣ್ಣಿನ ಕೊಯ್ಲಿಗೆ ಇನ್ನೂ ಹೊತ್ತಿತ್ತು, ಆಳುಗಳು ಖಾಲಿಯಿದ್ದರು. ಹದಿನೆಂಟು ಜನ ಗುದ್ದಲಿ, ಪಿಕಾಸಿ, ಬುಟ್ಟಿ ಹಿಡಿದು ಬಂದರು. ಅವರಲ್ಲಿ ಅಣ್ಣಮ್ಮನೂ ಇದ್ದಳು. ದರೆ ಕಡಿದರು, ಹಲಸಿನ ಬುಡ ಕಿತ್ತರು, ಮಣ್ಣು ಹೊತ್ತು ಅಂಚಿಗೆ ಸುರಿದು ಕಲ್ಲು ಕಟ್ಟಿದರು. ಅಣ್ಣಮ್ಮ ಬುಟ್ಟಿ ಹೊತ್ತು ಗಂಡನ ಮುಂದೆಯೇ ಹತ್ತಾರು ಸಲ ಓಡಾಡಿದಳು. ತಿರುವಿನ ಸುಳ್ಳನ್ನು ಅವನು ಅವಳಿಗೆ ಹೇಳಲಿಲ್ಲ. ಹೇಳಿದರೂ ಅವಳು ಬುಟ್ಟಿ ಕೆಳಗಿಡುವ ಹಾಗಿರಲಿಲ್ಲ. ಅದು ಅವಳ ದಿನದ ಕೂಲಿ.

ಸಂಜೆಯ ಹೊತ್ತಿಗೆ ಲಾರಿಯೇ ತಿರುಗುವಷ್ಟು ಅಗಲವಾಯಿತು. “ಗುರುವಯ್ಯ, ನೀನೇ ನಿಂತು ಹತ್ತಿಸು, ನಿನ್ನ ಬಿಟ್ರೆ ಯಾರಿಗೂ ಆಗಲ್ಲ,” ಎಂದರು ಸಾಹುಕಾರರು. ಅವನು ಗಾಡಿಯ ಮುಂದೆ ನಿಂತು ಎರಡೂ ಕೈ ಎತ್ತಿ, ಬರಲಿ, ಬರಲಿ, ಎಡಕ್ಕೆ ಸ್ವಲ್ಪ, ಬರಲಿ ಎನ್ನುತ್ತ, ಹಿಂಬದಿಯಾಗಿ ಒಂದೊಂದೇ ಹೆಜ್ಜೆ ಇಡುತ್ತ, ಆ ಬಿಳಿ ಗಾಡಿಯನ್ನು ತನ್ನ ಮನೆಯ ಅಂಗಳದವರೆಗೂ ಕರೆದುಕೊಂಡು ಬಂದ. ಒಂದು ಗೀರೂ ಆಗಲಿಲ್ಲ.

ಆ ಸಂಜೆ ಮೆಟ್ಟಿಲ ಮೇಲೆ ಕೂತಾಗ ಗುಡ್ಡ ಕಾಣಲಿಲ್ಲ, ಗಾಡಿ ಅಡ್ಡ ನಿಂತಿತ್ತು. ಗುರುವಯ್ಯ ಹೆಂಡತಿಗೆ ಎಲ್ಲವನ್ನೂ ಹೇಳಿದ, ಜಾಗ ತೋರಿಸಿಕೊಟ್ಟದ್ದೂ ತಾನೇ, ತಿರುವಿನ ಸುಳ್ಳು ಹೇಳಿದ್ದೂ ತಾನೇ ಎಂದ. ಅಣ್ಣಮ್ಮ ಕಾಲಿನ ಮಣ್ಣು ತೊಳೆದು ಮುಗಿಸಿದಳು. ಬಂದವನಿಗೆ ಕಾಫಿ ಕೊಟ್ಟು ಅಷ್ಟೆಲ್ಲ ವಿವರಿಸಿದವಳು ನಾನೂ ತಾನೇ ಎಂದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಯುಗಾದಿಗೆ ಮುಂಚೆ ಹೊಸ ಲೈನಿಗೆ ಹೋದರು. ಮನೆ ಚೆನ್ನಾಗಿಯೇ ಇದೆ. ನಲ್ಲಿ ತಿರುಗಿಸಿದರೆ ನೀರು, ನೆಲ ಒರೆಸಿದರೆ ಮುಖ ಕಾಣುತ್ತದೆ. ಮುಂದೆ ಪಲ್ಪರ್ ಹೌಸಿನ ಗೋಡೆ, ಹಿಂದೆ ಸಿಲ್ವರ್ ಓಕ್ ಮರಗಳು, ಮೇಲೆ ಒಂದು ತುಂಡು ಆಕಾಶ. ಅಣ್ಣಮ್ಮ ಒಳಗೇ ಕೂತು ಕಾಫಿ ಕುಡಿಯುವುದನ್ನು ಕಲಿತಳು. ಚಂದ ಎಂಬ ಮಾತು ಅವಳ ಬಾಯಲ್ಲಿ ಬಂದು ತಿಂಗಳುಗಳೇ ಆಗಿದ್ದವು.

ಇಷ್ಟಾದ ಮೇಲೆ, ಮಳೆ ಕಳೆದ ಒಂದು ಬೆಳಿಗ್ಗೆ, ಹಿತ್ತಲಿನಿಂದ ಅವಳ ಕೂಗು ಕೇಳಿತು. “ಮಾರಾಯ್ರೆ, ಇಲ್ಲಿ ಬನ್ನಿ, ಬೇಗ ಬನ್ನಿ. ಕಾಣುತ್ತೆ.”

ಗುರುವಯ್ಯ ಓಡಿದ. ಅಣ್ಣಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತಿದ್ದಳು. ಮಳೆಗೆ ಮುಂಚೆ ಕಾಫಿ ಗಿಡದ ಮೇಲಿನ ನೆರಳು ತೆಗೆಯುವಾಗ ಮರಗಳ ಕೊಂಬೆ ಕಡಿದಿದ್ದರಲ್ಲ, ಆ ಸಂದಿನಲ್ಲಿ, ಅಂಗೈಯಗಲ, ಅದೇ ಗುಡ್ಡದ ನೆತ್ತಿ. ಬಿಸಿಲು ಆಗಷ್ಟೇ ಬಿದ್ದಿತ್ತು. ಗುರುವಯ್ಯನೂ ಕಲ್ಲು ಹತ್ತಿದ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು.

“ಏನು ಕಾಣುತ್ತೆ ಅಣ್ಣಮ್ಮ?” ಎಂದು ಬೇಲಿಯಾಚೆಯಿಂದ ದನಿ ಬಂತು. ಶಶಿಕಿರಣ್. ಮೇಲಿನ ಜಾಗ ಸೀಸನ್ನಿಗೆ ಸಾಲುತ್ತಿರಲಿಲ್ಲ. ಪಲ್ಪರ್ ಹೌಸಿನ ಕಣದ ಸುತ್ತ ಮೊಬೈಲ್ ಹಿಡಿದು, ಇನ್ನೊಂದು ಗಾಡಿಗೆ ನೆಲ ನೋಡುತ್ತಿದ್ದ.

ಗುರುವಯ್ಯ ಬೇಲಿಯ ಕಡೆ ತಿರುಗಿದ. ಅಣ್ಣಮ್ಮ ಮಾತ್ರ ತಿರುಗಿಯೂ ನೋಡದೆ ಹೇಳಿದಳು. “ಏನಿಲ್ಲ ಸರ್, ಇವ್ರ ಚಪ್ಪಲಿ. ನಾಯಿ ಎತ್ಕೊಂಡ್ಹೋಗಿತ್ತು. ಇಲ್ಲಿ ಬರೀ ಪಲ್ಪರ್ ನೀರಿನ ವಾಸನೆ, ನಿಲ್ಲೋಕಾಗಲ್ಲ.”

ಶಶಿಕಿರಣ್ ಮೂಗು ಮುಚ್ಚಿಕೊಂಡು ನಗುತ್ತ ಹೋದ. ಅವನ ಕಾರಿನ ಸದ್ದು ಅಡಗುವವರೆಗೆ ಇಬ್ಬರೂ ಕಲ್ಲಿನಿಂದ ಇಳಿದು, ತಲೆ ತಗ್ಗಿಸಿ, ಇಲ್ಲದ ಚಪ್ಪಲಿ ಹುಡುಕಿದರು.

ಈಗಲೂ ಬೆಳಿಗ್ಗೆ ಅವರು ಆ ಕಲ್ಲು ಹತ್ತುತ್ತಾರೆ. ಒಬ್ಬರು ಹತ್ತಿದಾಗ ಇನ್ನೊಬ್ಬರು ಬೇಲಿಯ ಹತ್ತಿರ ನಿಂತು ಯಾರಾದರೂ ಬರುತ್ತಾರೆಯೇ ಎಂದು ನೋಡುತ್ತಾರೆ. ಇಳಿದ ಮೇಲೆ ಚಂದ ಎಂದು ಯಾರೂ ಹೇಳುವುದಿಲ್ಲ, ಹೂಂ ಎಂದು ಯಾರೂ ಅನ್ನುವುದಿಲ್ಲ.