ಕೈಗೆ ಕೊಡದ ಸುಣ್ಣ

ಕುಮಟಾ ಬಸ್ ನಿಲ್ದಾಣದ ಬೆಂಚಿನಲ್ಲಿ ಕುಳಿತು ವೀಳ್ಯದೆಲೆಯ ತೊಟ್ಟು ಮುರಿದೆ. ಎದ್ದ ಖಾರದ ವಾಸನೆ ನನ್ನನ್ನು ಹೊನ್ನಾವರಕ್ಕೆ ಒಯ್ದಿತು. ಇತಿಹಾಸದ ಸಂಶೋಧನೆಯಿಂದ ನಿವೃತ್ತನಾದರೂ ತಾರೀಖು ತಾಳೆ ನೋಡುವ ಚಟದಿಂದ ನಾನಿನ್ನೂ ನಿವೃತ್ತನಾಗಿಲ್ಲ. ಅಲ್ಲಿಗೆ ಹೋದದ್ದು ಗೇರುಹಣ್ಣಿನ ಕಾಲದಲ್ಲೆಂದು ನೆನಪು ಹೇಳುತ್ತದೆ. ಜೊತೆಗಿದ್ದ ಮಂಗಲಾ ಕೊಡೆ ಹಿಡಿದಿದ್ದರೆಂದೂ ಅದೇ ನೆನಪು ಹೇಳುತ್ತದೆ. ಬಿಸಿಲಿಗೂ ಕೊಡೆಯುಂಟಲ್ಲ ಎಂದು ಎರಡಕ್ಕೂ ರಾಜಿ ಮಾಡಿಸಿದ್ದೇನೆ.

ಮಂಗಲಾ ನಮ್ಮ ನೆರೆಮನೆಯ ನರ್ಸ್. ಮನಸ್ಸಿನ ಕಾಯಿಲೆಯೊಡನೆ ಬೀದಿಯಲ್ಲೇ ಬದುಕುವವರನ್ನು ಭಟ್ಕಳದಿಂದ ಕುಮಟೆಯವರೆಗೆ ಹುಡುಕಿಕೊಂಡು ಹೋಗುವುದು ಅವರ ಕೆಲಸ. ಕುತೂಹಲದಿಂದ ಆಗೀಗ ಹಿಂಬಾಲಿಸುವುದು ನನ್ನದು. ಹೊನ್ನಾವರ ನಿಲ್ದಾಣದ ಹಿಂದಿನ ಕಟ್ಟೆಯ ಮೇಲೆ ಅಂಥ ಗಂಡಸೊಬ್ಬರಿದ್ದರು. ಕಾಲಿನ ಹುಣ್ಣು ಕೊಳೆಯುತ್ತಿತ್ತು. ತಡವಾದರೆ ಪಾದ ಉಳಿಯುವಂತಿರಲಿಲ್ಲ. ಆದರೆ ಯಾರೇನು ಕೊಟ್ಟರೂ ಅದರಲ್ಲಿ ವಿಷವಿದೆಯೆಂಬ ಭಯ ಅವರಿಗೆ. ಅಂಗಡಿಯ ಗೊನೆಯಿಂದ ತಾವೇ ಕಿತ್ತ ಬಾಳೆಹಣ್ಣನ್ನಷ್ಟೇ ತಿನ್ನುತ್ತಿದ್ದರು.

ಹಾಗಾಗಿ ಮಂಗಲಾ ಏನನ್ನೂ ಕೊಡಲಿಲ್ಲ, ಕೇಳಿದರು.

"ಅಣ್ಣಾ, ಒಂಚೂರು ಸುಣ್ಣ ಇದ್ದಾ?"

ಎಲೆ, ಅಡಿಕೆ ಮಂಗಲಾರ ಚೀಲದಲ್ಲೇ ಇರುತ್ತಿದ್ದವು. ಸುಣ್ಣವನ್ನು ಮಾತ್ರ ಬೇಕೆಂದೇ ಬಿಟ್ಟು ಬರುತ್ತಿದ್ದರು. ಆ ಅಣ್ಣ ತಮ್ಮ ಸುಣ್ಣದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಅವರತ್ತ ಸರಿಸುತ್ತಿದ್ದರು.

"ಇದರಿಂದ ಗುಣವಾಗುವುದೇ?" ಎಂದು ಮಂಗಲಾರನ್ನು ಕೇಳಿದ್ದೆ.

"ಈವರೆಗೆ ನನ್ನ ಹಲ್ಲು ಕೆಂಪಾತು, ಅಷ್ಟೇ ಸರ್. ನೀವು ಎಂತ ಕೇಳಿದ್ರೂ ಅವರ ಹತ್ರ ತಾರೀಕು ಕೇಳ್ಬ್ಯಾಡಿ. ಅದು ಕೇಳೋರು ಪೊಲೀಸ್ರು."

ಕೇಳಲೆಂದು ತೆರೆದ ಬಾಯಿಗೆ ನಾನು ಎಲೆಯಡಿಕೆಯ ಕವಳ ತುಂಬಿಕೊಂಡೆ.

ಒಂದು ದಿನ ಮಂಗಲಾ ಅಂಗೈ ಚಾಚಿದರು. "ಕೈಗೇ ಕೊಡಿ ಅಣ್ಣಾ."

ಆ ಅಣ್ಣ ಕೈ ಹಿಂದೆಳೆದುಕೊಂಡರು. ಉಪ್ಪು, ಸುಣ್ಣವನ್ನು ಕೈಗೆ ಕೊಟ್ಟರೆ ವೈರ ಹುಟ್ಟುತ್ತದೆಂಬ ನಮ್ಮ ಕಡೆಯ ನಂಬಿಕೆಯನ್ನು ನೀವೂ ಬಲ್ಲಿರಿ.

"ಕೈಗೆ ಕೊಟ್ರೆ ಜಗಳ ಆತದೆ. ನಿಂಗೂ ನಂಗೂ ಜಗಳ ಬ್ಯಾಡ," ಎಂದು ಡಬ್ಬಿಯನ್ನು ಎಂದಿನಂತೆ ಕಟ್ಟೆಯ ಮೇಲಿಟ್ಟು ಸರಿಸಿದರು.

ಮಂಗಲಾ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದರು. "ಹಂಗಾದ್ರೆ ಕಾಲು ತೋರ್ಸೂಕೆ ಆಸ್ಪತ್ರೆಗೆ ಬನ್ನಿ."

"ನೀನೂ ಒಳಗೆ ಬತ್ಯಾ?"

"ಬತ್ತೆ. ತಿರುಗಿ ಇಲ್ಲಿಗೇ ತಂದು ಬಿಡ್ತೆ."

"ಆತು," ಎಂದರು. ಡಬ್ಬಿಯನ್ನು ಮಂಗಲಾರ ಚೀಲಕ್ಕೆ ಹಾಕಿ, "ಕಳೀಬ್ಯಾಡ," ಎಂದು ಗದರಿಸಿಯೇ ಕಟ್ಟೆಯಿಂದ ಇಳಿದರು.

ಪಾದ ಉಳಿಯಿತು. ಮನಸ್ಸಿನ ಕಾಯಿಲೆಯ ಮಾತ್ರೆಯ ಮಾತು ಬಂದದ್ದು ಇನ್ನೆಷ್ಟೋ ಕವಳಗಳ ನಂತರ.

ಇವತ್ತು ಕುಮಟೆಯ ಬೆಂಚಿನ ಆ ತುದಿಯಲ್ಲಿ ಗಂಟು ಅಪ್ಪಿಕೊಂಡ ಹೆಂಗಸೊಬ್ಬರು ಕುಳಿತಿದ್ದರು. ಸುತ್ತಲಿನವರು ಜಾಗ ಬಿಟ್ಟು ನಿಂತಿದ್ದರು. ಎಲ್ಲಿಯವರು, ಎಂದಿನಿಂದ ಎಂಬ ಪ್ರಶ್ನೆಗಳು ನನ್ನ ನಾಲಿಗೆಯವರೆಗೂ ಬಂದವು.

"ಅಕ್ಕಾ, ಸುಣ್ಣ ಇದ್ದಾ?" ಎಂದೆ.

ನನ್ನ ಕೈಯಲ್ಲಿದ್ದ ಎಲೆಯನ್ನು ನೋಡಿದರು. "ಇಲ್ಲ," ಎಂದರು. ನನ್ನ ಬಸ್ಸು ಬಂದಾಗ ಹಿಂದಿನಿಂದ ಕೇಳಿಸಿತು: "ನಾಳೆ ನೋಡ್ವ."

ನಾಳೆ ನನ್ನ ಸುಣ್ಣದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬರಬೇಕು.