ಬೊಂಬೆಯ ಕೊರಳಿಗೆ ಹಾಕಿದ ಬಿಲ್ಲೆ

ಸಿದ್ಧೇಶ್ವರ ಗುಡಿಯ ಹತ್ತಿರದ ಸೀರೆ ಅಂಗಡಿಯಲ್ಲಿ ನಾನು ಇಳಕಲ್ ಸೀರೆ ಕೌಂಟರಿನವಳು. ಹೋದ ಬೇಸಿಗೆಯಲ್ಲಿ ಸಾಹುಕಾರರು ನಮ್ಮೆಲ್ಲರ ಕೊರಳಿಗೆ ಒಂದೊಂದು ಬ್ಲೂಟೂತ್ ಬಿಲ್ಲೆ ಹಾಕಿದರು. ಯಾರು ಕೌಂಟರಿನಲ್ಲಿದ್ದಾರೆ, ಯಾರು ಎದ್ದು ಹೋದರು ಎಂಬುದನ್ನು ಗೋಡೆಗೆ ಹೊಡೆದ ಸಣ್ಣ ಡಬ್ಬಿಗಳು ಅವರ ಮೊಬೈಲಿಗೆ ಮುಟ್ಟಿಸುತ್ತಿದ್ದವು. ಕೌಂಟರ್ ಬಿಟ್ಟು ಹತ್ತು ನಿಮಿಷ ದಾಟಿದರೆ ಅರ್ಧ ದಿನ ಗೈರುಹಾಜರಿ. ನಮ್ಮೂರಲ್ಲಿ ಎಮ್ಮೆಗೂ ಹಗ್ಗ ಉದ್ದ ಬಿಟ್ಟು ಕಟ್ಟುತ್ತಾರೆ.

ಪಕ್ಕದ ಕೌಂಟರಿನ ಅಕ್ಕನಿಗೆ ಸಕ್ಕರೆ ಕಾಯಿಲೆ. ಬಾಟಲಿಗಟ್ಟಲೆ ನೀರು ಕುಡಿಯಬೇಕು, ಮೇಲಿಂದ ಮೇಲೆ ಹಿಂದಿನ ಸಂಡಾಸಿಗೆ ಹೋಗಬೇಕು. ಬಿಲ್ಲೆ ಬಂದಮೇಲೆ ಓಡಿಹೋಗಿ ಓಡಿಬರುತ್ತಿದ್ದಳು. ನನಗೋ ಐದು ತಿಂಗಳ ಕೂಸು, ಸಾರವಾಡದ ಮನೆಯಲ್ಲಿ ಅತ್ತೆಯ ಹತ್ತಿರ. ಮಧ್ಯಾಹ್ನವಾದರೆ ಹಾಲು ಕಟ್ಟಿ ಎದೆ ಕಲ್ಲಾಗುತ್ತಿತ್ತು. ಸೀರೆ ಮಡಿಸುತ್ತ ಹಲ್ಲು ಕಚ್ಚಿ ನಿಲ್ಲುತ್ತಿದ್ದೆ.

ಒಂದು ದಿನ ಅತ್ತೆ ಕೂಸಿಗೆ ಸೂಜಿ ಹಾಕಿಸಲು ಬಸ್ಸಿಗೆ ಬಂದವರು ಗುಡಿಯ ಕಟ್ಟೆಯ ಮೇಲೆ ಕೂತು ಫೋನ್ ಮಾಡಿದರು. ಕೂಸು ಬಾಟಲಿ ಹಾಲು ಮುಟ್ಟುತ್ತಿಲ್ಲ, ಅತ್ತೂ ಅತ್ತೂ ದನಿ ಬಿದ್ದಿದೆ ಎಂದರು. ಆ ಅಳು ನನಗೂ ಕೇಳುತ್ತಿತ್ತು. ಸಾಹುಕಾರರು ಊಟಕ್ಕೆ ಮನೆಗೆ ಹೋಗಿದ್ದರು. ಬಿಲ್ಲೆ ತೆಗೆದು, ಕೌಂಟರಿನ ಮುಂದೆ ಸೀರೆ ಉಟ್ಟು ನಿಂತಿದ್ದ ಬೊಂಬೆಯ ಕೊರಳಿಗೆ ಹಾಕಿ, ಮೇಲೆ ಸೆರಗು ಮುಚ್ಚಿದೆ. ಅಕ್ಕ ಎಲ್ಲ ನೋಡಿದಳು.

"ಲಗೂನ ಹೋಗಿ ಬಾ, ಗಿರಾಕಿ ನಾ ನೋಡ್ಕೋತೀನಿ" ಅಂದಳು.

ಮುಕ್ಕಾಲು ತಾಸು ಕೂಸು ನನ್ನ ಮಡಿಲಲ್ಲಿತ್ತು. ಕುಡಿಯುತ್ತ ಕುಡಿಯುತ್ತ ನಿದ್ದೆ ಹೋಯಿತು. ತಿರುಗಿ ಬರುವಾಗ ಸಾಹುಕಾರರಿಗೆ ಟೋಪಿ ಹಾಕಿದೆ ಎಂದು ಒಳಗೊಳಗೇ ಹಿಗ್ಗಿದ್ದೂ ನಿಜ.

ಸಂಜೆ ಅವರು ಎಲ್ಲರನ್ನೂ ಕರೆದು ಮೊಬೈಲ್ ಮುಂದೆ ಹಿಡಿದರು. "ನೋಡ್ರಿ, ಮುಂಜಾನಿಂದ ಈಕಿ ಜಾಗಾ ಬಿಟ್ಟು ಕದಲಿಲ್ಲ. ಸಣ್ಣ ಕೂಸಿನ ತಾಯಿ ಈಕಿ. ನಿಮಗೇನ ಧಾಡಿ?"

ನಾಳೆಯಿಂದ ಹತ್ತು ನಿಮಿಷವಲ್ಲ, ಐದೇ ಎಂದು ಹೇಳಿದರು.

ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತಿತ್ತು. ಹೇಳದಿದ್ದರೆ ಆ ಐದು ನಿಮಿಷದ ಕಟ್ಟು ಅಕ್ಕನ ಕೊರಳಿಗೆ ಬೀಳುತ್ತಿತ್ತು. ನಾನು ಹೇಳಲಿಲ್ಲ. ಅಕ್ಕನೂ ಬೊಂಬೆಯ ಮಾತೆತ್ತಲಿಲ್ಲ. ಎತ್ತಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವಳು ನಾನು, ಉಂಡವಳು ಅವಳು. ಇವತ್ತಿಗೂ ನನಗೆ ಅದರ ನಾಚಿಕೆ ಹೋಗಿಲ್ಲ.

ಮರುದಿನ ಅಕ್ಕನ ಕೌಂಟರಿನ ಮೇಲೆ ನೀರಿನ ಬಾಟಲಿ ಇರಲಿಲ್ಲ. ಹೊರಗೆ ಕೆಂಡದಂಥ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಅವಳ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನನ್ನ ಬಾಟಲಿ ಮುಂದೆ ಮಾಡಿದೆ. ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಲೇ ಅದನ್ನು ಮೊಣಕೈಯಿಂದ ಸರಿಸಿದಳು.

"ಬ್ಯಾಡವಾ" ಅಂದಳು. "ಕುಡದ್ರ ಹೋಗಬೇಕಾಕೈತಿ."