ಕಲ್ಲುಬಾನಿಯಲ್ಲಿ ಕೆಂಪು ನೀರು

ಕೊಳ್ಳೇಗಾಲಕ್ಕೆ ಬಂದ ಮೂರನೆಯ ತಿಂಗಳು. ಬೆಳಿಗ್ಗೆ ಬಾಗಿಲು ತೆರೆದರೆ, ಬೀದಿಯ ಬಾವಿಯ ಪಕ್ಕ ದನಗಳು ನೀರು ಕುಡಿಯುವ ಕಲ್ಲುಬಾನಿಯಲ್ಲಿ ರಕ್ತ ನಿಂತಂತಿತ್ತು. ಬಿಸಿಲಿಗೆ ಬತ್ತಿ ತಳ ಸೇರಿದ್ದ ನೀರು ಕಡುಗೆಂಪಾಗಿತ್ತು. ಕಡಲು ಬಿಟ್ಟು ಇಂಥ ಊರಿಗೆ ಯಾಕೆ ಬಂದೆನೋ ಅನ್ನಿಸಿತು.

ನಾನಾಗಿ ಬಂದದ್ದಲ್ಲ, ವರ್ಗವಾದದ್ದು. ಆಗ ನಮ್ಮ ಕುಂದಾಪುರವೂ ಈ ಊರೂ ಮದರಾಸು ಸರ್ಕಾರದ್ದೇ. ಪಕ್ಕದ ಯಳಂದೂರು ಮೈಸೂರಿನದು. ಹಾಗಾಗಿ ನಮ್ಮ ಶಾಲೆಗೆ ತಮಿಳಿನ ಕಾಗದಗಳು ಬರುತ್ತಿದ್ದವು. ಕುಂದಾಪುರದಲ್ಲಿ ಕುಚ್ಚಲಕ್ಕಿ ಗಂಜಿ, ಇಲ್ಲಿ ರಾಗಿಮುದ್ದೆ. ಅದನ್ನು ಅಗಿಯದೆ ನುಂಗಲು ಕಲಿಯುವುದಕ್ಕೇ ಒಂದು ತಿಂಗಳು ಹಿಡಿಯಿತು. "ಇನ್ನೊಂದ್ ವಸಿ ತಿನ್ನಿ ಟೀಚರಮ್ಮ" ಎನ್ನುವರು ಮನೆಯೊಡತಿ ಚಿಕ್ಕತಾಯಮ್ಮ. ವಸಿ ಎಂದರೆ ಸ್ವಲ್ಪ. ಇಲ್ಲಿಯವರ ಬಾಯಲ್ಲಿ 'ಹ' ಉದುರಿ ಹನೂರು ಅನೂರಾಗುತ್ತದೆ. ನಾನು "ಎಂತ?" ಎಂದರೆ ಅವರಿಗೆ ನಗು. ಗಂಡ ತೀರಿಕೊಂಡ ಮೇಲೆ ರೇಷ್ಮೆ ನೂಲಿಗೆ ಬಣ್ಣ ಹಾಕಿ ಬದುಕುತ್ತಿದ್ದವರು ಅವರು.

ತಪ್ಪು ಅವರ ತಲೆಗೇ ಬಂತು.

"ಬಣ್ಣದ ನೀರ ಬಾನೀಗೆ ಬುಟ್ಟಿದ್ದೀಯ," ಎಂದು ಎದುರುಮನೆಯ ಮಾದಪ್ಪ ಕೂಗಾಡಿದ. "ಅನೂರ್ ಸಂತೇಲಿ ತಂದ ಎತ್ತು ಮೂಸ್ಬುಟ್ಟು ಇಂದಕ್ಕೆ ಬಂತು. ಇನ್ಮೇಲೆ ಈ ಬಾವಿಗೆ ಕೊಡ ಇಳಿಸ್ಬ್ಯಾಡ."

"ನಾ ಯಾಕ್ ಬುಡ್ಲಿ ಮಾದಣ್ಣ? ನನ್ ನೀರು ಮನೆ ಇಂದ್ಗಡೆ ಇತ್ಲಿಗೆ ಓಯ್ತದೆ ಕಣಣ್ಣ."

ಯಾರೂ ಕಿವಿಗೊಡಲಿಲ್ಲ. ಬಾವಿಯ ನೀರಿಲ್ಲದಿದ್ದರೆ ಚಿಕ್ಕತಾಯಮ್ಮನ ಕಸುಬೇ ನಿಂತಂತೆ.

ಆ ನೀರನ್ನು ಒಂದು ಶೀಸೆಯಲ್ಲಿ ಶಾಲೆಗೆ ಒಯ್ದು ಸೂಕ್ಷ್ಮದರ್ಶಕದಡಿ ಇಟ್ಟೆ. ಬಣ್ಣವಾಗಿದ್ದರೆ ನೀರೇ ಕೆಂಪಾಗಿರಬೇಕಿತ್ತು. ಇಲ್ಲಿ ನೀರು ತಿಳಿಯಾಗಿತ್ತು. ಕೆಂಪೆಲ್ಲ ಸಣ್ಣ ಸಣ್ಣ ಗುಂಡುಗಳೊಳಗಿತ್ತು. ಅದು ಪಾಚಿ. ಒಳ್ಳೆಯ ನೀರಿನಲ್ಲಿ ಹಸಿರಾಗಿ ಈಜಾಡಿಕೊಂಡಿರುವ ಜೀವ. ನೀರು ಬತ್ತಿ ಬಿಸಿಲು ಸುಡತೊಡಗಿದರೆ ಈಜು ನಿಲ್ಲಿಸಿ, ಸುತ್ತ ದಪ್ಪ ಗೋಡೆ ಕಟ್ಟಿಕೊಂಡು, ಬೆಳಕಿಗೆ ಅಡ್ಡವಾಗಿ ಒಳಗೆಲ್ಲ ಕೆಂಪು ತುಂಬಿಕೊಳ್ಳುತ್ತದೆ.

ಇದನ್ನು ಹೇಳಿದರೆ ಮಾದಪ್ಪ ನಕ್ಕ. ಬಾನಿಯ ಕೆಂಪನ್ನು ಒಂದು ಗಾಜಿನ ಪಾತ್ರೆಗೂ ಚಿಕ್ಕತಾಯಮ್ಮನ ಕೆಂಪು ಬಣ್ಣವನ್ನು ಇನ್ನೊಂದಕ್ಕೂ ಹಾಕಿ, ಹೊಸ ನೀರು ತುಂಬಿ ಜಗುಲಿಯ ನೆರಳಿನಲ್ಲಿಟ್ಟೆ. "ಪಾಚಿಯಾದರೆ ಹಸಿರಾಗುತ್ತದೆ, ನೋಡಿ" ಎಂದೆ.

ಮೂರು ದಿನ ಏನೂ ಆಗಲಿಲ್ಲ. ಪಾಠದ ನಡುವೆಯೂ ಮನಸ್ಸು ಜಗುಲಿಗೆ ಓಡುತ್ತಿತ್ತು. ದೂರದ ಕೆರೆಯಿಂದ ನೀರು ಹೊತ್ತು ಚಿಕ್ಕತಾಯಮ್ಮನ ಹೆಗಲು ಬಾತಿತ್ತು. ನಾನು ಸೋತರೆ ಅವರ ತಪ್ಪು ಖಾಯಂ ಆಗುತ್ತಿತ್ತು.

ಐದನೆಯ ಬೆಳಿಗ್ಗೆ ಮೊದಲ ಪಾತ್ರೆಯ ನೀರಿಗೆ ತೆಳುವಾದ ಹಸಿರು ಬಂದಿತ್ತು. ಬಣ್ಣದ ಪಾತ್ರೆ ಹಾಗೇ ಇತ್ತು. ಮಾದಪ್ಪ ಎರಡನ್ನೂ ಎತ್ತಿ ಬೆಳಕಿಗೆ ಹಿಡಿದ, ಮೂಸಿದ. "ನೀರ್ ತಕಂಡೋಗವ್ವ" ಎಂದು ಬಾವಿಯ ಹಗ್ಗವನ್ನು ಚಿಕ್ಕತಾಯಮ್ಮನ ಕೈಗೆ ಕೊಟ್ಟ. ಬಾನಿಯನ್ನು ತಾನೇ ಉಜ್ಜಿ ತೊಳೆದ.

ರಜೆಗೆ ಕುಂದಾಪುರಕ್ಕೆ ಹೋದೆ. ಹೋಗುವಾಗ ಬಸ್ಸಿನವನು "ಊರಿಗಾ?" ಎಂದಾಗ ಹೌದೆಂದಿದ್ದೆ. ವಾರವಿಡೀ ಕಡಲಗಾಳಿ, ಅಮ್ಮನ ಕೈಯಡುಗೆ. ಆದರೂ ಕೂತಲ್ಲಿ ಕೂರಲಾಗಲಿಲ್ಲ. ರಜೆ ಮುಗಿಯುವ ಮೊದಲೇ ಹೊರಟೆ. ಮೈಸೂರಿನಲ್ಲಿ ಕೊಳ್ಳೇಗಾಲದ ಬಸ್ಸು ಹತ್ತಿದಾಗ, ನಮ್ಮ ಬೀದಿಯ ಕಂಡಕ್ಟರು ಗುರುತು ಹಿಡಿದು, "ಊರ್ಗಾ ಟೀಚರಮ್ಮ?" ಎಂದ.

ಅದಕ್ಕೂ ಹೌದೆಂದೆ. ಎರಡು ಸಲವೂ ಸುಳ್ಳು ಹೇಳಿದಂತಾಗಲಿಲ್ಲ. ಎರಡು ಸಲವೂ ಪೂರ್ತಿ ನಿಜ ಹೇಳಿದಂತೆಯೂ ಆಗಲಿಲ್ಲ.